ಹೊಳೆ ಒಯ್ಯಲಾರದ ಕಾಗದ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯ ಬಳಿ ಕಿತ್ತೂರ ಸೀಮೆಯನ್ನು ಮುಟ್ಟಿ, ಬೈಲಹೊಂಗಲದ ಕರಿನೆಲದ ಹೊಲಗಳನ್ನು ತೋಯಿಸಿ, ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟಿನ ಹಿಂದೆ ಕೆಲಕಾಲ ವಿಶ್ರಮಿಸಿ, ರಾಮದುರ್ಗವನ್ನು ಹಾದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ನಾಲ್ಕೂ ತಾಲೂಕುಗಳಿಗೆ ಈ ಹೊಳೆ ತಾಯಿ. ವರ್ಷದ ಹೆಚ್ಚು ದಿನ ಅದರ ಪಾತ್ರದಲ್ಲಿ ದನಕರುಗಳು ನಿಶ್ಚಿಂತೆಯಿಂದ ನೀರು ಕುಡಿಯುತ್ತವೆ. ಆದರೆ ತಾಯಿಗೂ ಕೋಪ ಬರುವುದುಂಟು. 2019ರ ಆಗಸ್ಟ್ ತಿಂಗಳಿನಲ್ಲಿ ಘಟ್ಟದ ಮೇಲೆ ಹಗಲಿರುಳು ಮಳೆ ಸುರಿದು, ತುಂಬಿದ ಜಲಾಶಯದಿಂದ ನೀರನ್ನು ಬಿಡಲೇಬೇಕಾದಾಗ, ಕೆಳದಂಡೆಯ ರಾಮದುರ್ಗದ ತಗ್ಗಿನ ಓಣಿಗಳಿಗೂ ಸುತ್ತಲಿನ ಹಳ್ಳಿಗಳಿಗೂ ಹೊಳೆಯೇ ನುಗ್ಗಿ ಬಂದಿತು. ಜನರು ಉಟ್ಟ ಬಟ್ಟೆಯಲ್ಲಿ ಎದ್ದು ಪರಿಹಾರ ಕೇಂದ್ರಗಳನ್ನು ಸೇರಿದರು.

ಆ ದಿನಗಳಲ್ಲಿ ಇಂಥ ಯಾವುದೇ ಕೇಂದ್ರದಲ್ಲಿ ನಡೆದಿರಬಹುದಾದ ಒಂದು ಸಂಭಾಷಣೆಯನ್ನು ಓದುಗರು ಊಹಿಸಿಕೊಳ್ಳಬಹುದು. ಶಾಲೆಯ ಪಡಸಾಲೆಯಲ್ಲಿ ಒಂದು ಮೇಜು. ಮೇಜಿನ ಹಿಂದೆ ಎಳೆಯ ವಯಸ್ಸಿನ ವೈದ್ಯ. ಎದುರಿಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜ.

“ಅಜ್ಜಾರ, ಹಿಂದಿನ ಕೇಸ್ ಪೇಪರ್ ಎಲ್ಲಿ ಅದಾವ್ರಿ?”

“ಹೊಳಿ ಒಯ್ತರಿ, ಸಾಹೇಬ್ರ.”

“ಯಾವ ಗುಳಿಗಿ ತಗೋತಿದ್ರಿ? ಹೆಸರು ನೆನಪೈತೇನ್ರಿ?”

“ಹೆಸರು ನನಗೇನ ಗೊತ್ತರಿ? ಮುಂಜಾನೆ ಒಂದು ಬಿಳೀದು, ರಾತ್ರಿ ಒಂದು ಕೆಂಪಂದು.”

ನಗು ಬರುವ ಮಾತು. ಆದರೆ ವೈದ್ಯನಿಗೆ ನಗು ಬರುವುದಿಲ್ಲ. ಔಷಧದ ಅಂಗಡಿಯಲ್ಲಿ ಬಿಳಿಯ ಗುಳಿಗೆಗಳಿಗೆ ಲೆಕ್ಕವುಂಟೆ? ಆ ಬಿಳಿಯ ಗುಳಿಗೆ ರಕ್ತದೊತ್ತಡದ್ದೋ, ಸಕ್ಕರೆ ಕಾಯಿಲೆಯದೋ, ರಕ್ತ ಹೆಪ್ಪುಗಟ್ಟದಂತೆ ತಡೆಯುವುದೋ? ಮೂರನೆಯದಾಗಿದ್ದರೆ ಒಂದು ಸಾಮಾನ್ಯ ನೋವಿನ ಗುಳಿಗೆಯೂ ಅಜ್ಜನ ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ಕಾರಣವಾದೀತು. ಪೆನಿಸಿಲಿನ್ ಅವರ ಮೈಗೆ ಒಗ್ಗದಿದ್ದರೆ, ಒಂದು ಸೂಜಿಯೇ ಪ್ರಾಣಾಂತಿಕವಾದೀತು. ಇವೆಲ್ಲಕ್ಕೂ ಉತ್ತರ ಇದ್ದುದು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಚೀಲವಿದ್ದುದು ಮನೆಯ ಟ್ರಂಕಿನಲ್ಲಿ. ಟ್ರಂಕು ಹೊಳೆಯ ಪಾಲಾಯಿತು. ಬಿದ್ದ ಗೋಡೆಗೆ ಪರಿಹಾರವುಂಟು, ಕೊಚ್ಚಿಹೋದ ಬೆಳೆಗೂ ಪರಿಹಾರವುಂಟು. ಹತ್ತು ವರ್ಷಗಳ ದೇಹದ ಚರಿತ್ರೆಗೆ ಪರಿಹಾರ ಕೊಡುವ ಕಚೇರಿ ಯಾವುದಿದೆ?

ಚೀಲದ ಮೇಲಿನ ಭಾರ

ಹೊಳೆ ಬಾರದ ವರ್ಷಗಳಲ್ಲಿಯೂ ಈ ಪ್ಲಾಸ್ಟಿಕ್ ಚೀಲ ಬಹಳ ಕಷ್ಟಪಡುತ್ತದೆ. ಈ ನಾಲ್ಕು ತಾಲೂಕುಗಳ ಭೂಗೋಲವೇ ಹಾಗಿದೆ. ಕಿತ್ತೂರು ಹೆದ್ದಾರಿಯ ಮೇಲಿರುವ ಊರು. ಅಲ್ಲಿನ ರೋಗಿ ಒಂದು ಕಡೆ ಬೆಳಗಾವಿಗೆ ಹೋದಾನು, ಇನ್ನೊಂದು ಕಡೆ ಧಾರವಾಡಕ್ಕೆ. ಬೈಲಹೊಂಗಲದವರಿಗೆ ಬೆಳಗಾವಿಯೇ ರೂಢಿ. ಸವದತ್ತಿಯವರಿಗೆ ಧಾರವಾಡ ಹತ್ತಿರ. ರಾಮದುರ್ಗದಿಂದ ಜಿಲ್ಲಾ ಕೇಂದ್ರವಾದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹೀಗಾಗಿ ಒಂದೇ ಮನೆಯ ಹಿರಿಯರಿಗೆ ಹೃದಯ ಪರೀಕ್ಷೆ ಒಂದು ಊರಿನಲ್ಲಿ, ಕಣ್ಣಿನ ಶಸ್ತ್ರಕ್ರಿಯೆ ಇನ್ನೊಂದರಲ್ಲಿ, ದಿನನಿತ್ಯದ ಔಷಧ ಮೂರನೆಯದರಲ್ಲಿ. ಮೂರು ದವಾಖಾನೆಗಳಿಗೂ ಪರಸ್ಪರ ಪರಿಚಯವಿಲ್ಲ. ಅವುಗಳ ನಡುವಿನ ಏಕೈಕ ಟಪಾಲು ಎಂದರೆ ರೋಗಿಯ ಕೈಚೀಲ. ಅದನ್ನು ಮನೆಯಲ್ಲಿ ಮರೆತು ಬಂದರೆ ರಕ್ತಪರೀಕ್ಷೆ ಮತ್ತೊಮ್ಮೆ, ಎಕ್ಸ್‌ರೇ ಮತ್ತೊಮ್ಮೆ, ಬಸ್ ಚಾರ್ಜು ಮತ್ತೊಮ್ಮೆ. ಮಲಪ್ರಭೆ ನಾಲ್ಕೂ ತಾಲೂಕುಗಳನ್ನು ಹಾದು ಹರಿಯುತ್ತದೆ. ಒಬ್ಬ ರೋಗಿಯ ಕಾಗದ ಮಾತ್ರ ಒಂದು ಊರಿನಿಂದ ಇನ್ನೊಂದು ಊರಿಗೆ ತಾನಾಗಿ ಹರಿಯುವುದಿಲ್ಲ.

ಈಗ ಸುಶಿಕ್ಷಿತರ ಬಾಯಲ್ಲಿ ‘ಕ್ಲೌಡ್’ ಎಂಬ ಮಾತು ಸುಳಿದಾಡುತ್ತಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ ಅದು ಅಡಿಗೆಮನೆಯವರೆಗೂ ಬಂದಿರುತ್ತದೆ. “ಎಲ್ಲಾ ಕ್ಲೌಡಿನಾಗ ಇರ್ತೈತಿ, ಅವ್ವಾ” ಎಂದು ಮಗ ಹೇಳಿದರೆ, ತಾಯಿ ಅಂಗಳಕ್ಕೆ ಬಂದು ಆಕಾಶವನ್ನು ನೋಡುತ್ತಾಳೆ. ಆಕೆಯ ತಪ್ಪಲ್ಲ. ಹೆಸರಿಟ್ಟವರು ಮೋಡವೆಂದೇ ಹೆಸರಿಟ್ಟಿದ್ದಾರೆ. ಕಾಳಿದಾಸನ ಯಕ್ಷನು ವಿರಹದ ಸಂದೇಶವನ್ನು ಮೋಡದ ಕೈಗೆ ಕೊಟ್ಟನೆಂಬುದನ್ನು ಕೇಳಿದವರಿಗೆ ಈ ಹೆಸರು ಹಿತವಾಗಿಯೂ ಇದ್ದೀತು. ಭಾರತ ಸರಕಾರವು 2014ರಲ್ಲಿ ತನ್ನ ಕಾರ್ಯಾಲಯಗಳಿಗಾಗಿ ಆರಂಭಿಸಿದ ಇಂಥ ವ್ಯವಸ್ಥೆಗೆ ‘ಮೇಘರಾಜ’ ಎಂದೇ ನಾಮಕರಣ ಮಾಡಿತು. ಆದರೆ ಈ ಮೇಘ ಆಕಾಶದಲ್ಲಿಲ್ಲ. ಅದು ನೆಲದ ಮೇಲೆಯೇ, ಕಾವಲುಳ್ಳ ದೊಡ್ಡ ಕಟ್ಟಡಗಳಲ್ಲಿ, ಸಾಲುಸಾಲಾಗಿ ನಿಂತ ಸಾವಿರಾರು ಗಣಕಯಂತ್ರಗಳ ರೂಪದಲ್ಲಿದೆ. ಅವುಗಳಿಗೆ ಹಗಲಿರುಳು ವಿದ್ಯುತ್ತು ಬೇಕು, ತಂಪು ಗಾಳಿ ಬೇಕು, ಕಾಯುವ ಮನುಷ್ಯರು ಬೇಕು.

ಗೋಕಾಕದಿಂದ ಶಿವನಸಮುದ್ರಕ್ಕೆ

ಇದರ ಮರ್ಮವನ್ನು ಅರಿಯಲು ಬೆಳಗಾವಿ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋಕಾಕದ ಹತ್ತಿಯ ಗಿರಣಿಯನ್ನು ಜಲಪಾತದ ಬದಿಯಲ್ಲಿಯೇ ಕಟ್ಟಿದರು. ಏಕೆ? ಬೀಳುವ ನೀರಿನ ಶಕ್ತಿ ದೂರ ಹೋಗಲಾರದು. ಆದುದರಿಂದ ಗಿರಣಿಯೇ ಶಕ್ತಿಯ ಬಳಿಗೆ ಹೋಗಬೇಕಾಯಿತು. ಮುಂದೆ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿ, ತಂತಿಯ ಮೂಲಕ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತು. ಅಂದಿನಿಂದ ಬೆಳಕು ಬೇಕಾದ ಮನೆಯವನು ಜಲಪಾತವನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಗುಂಡಿ ಒತ್ತಿ, ತಿಂಗಳಿಗೊಮ್ಮೆ ಬಿಲ್ಲು ಕಟ್ಟಿದರೆ ಸಾಕಾಯಿತು.

ಗಣಕದ ವಿಷಯದಲ್ಲಿಯೂ ನಡೆದದ್ದು ಇದೇ. ಅಮೆರಿಕದ ಗಣಕವಿಜ್ಞಾನಿ ಜಾನ್ ಮೆಕಾರ್ಥಿ 1961ರಷ್ಟು ಹಿಂದೆಯೇ, ಒಂದು ದಿನ ಗಣನೆಯ ಶಕ್ತಿಯೂ ದೂರವಾಣಿಯಂತೆ ಸಾರ್ವಜನಿಕ ಸೇವೆಯಾದೀತೆಂದು ಸೂಚಿಸಿದ್ದನು. ನಲವತ್ತೈದು ವರ್ಷಗಳ ತರುವಾಯ, 2006ರಲ್ಲಿ, ಅಮೆಜಾನ್ ಸಂಸ್ಥೆ ತನ್ನ ಗಣಕಗಳನ್ನೂ ಉಗ್ರಾಣವನ್ನೂ ಯಾರಿಗೆ ಬೇಕಾದರೂ ಬಾಡಿಗೆಗೆ ಕೊಡಲು ತೊಡಗಿದಾಗ ಆ ಮಾತು ವ್ಯಾಪಾರವಾಗಿ ಪರಿಣಮಿಸಿತು. ಮೊದಲು ಪ್ರತಿಯೊಂದು ದೊಡ್ಡ ದವಾಖಾನೆಯೂ ತನ್ನದೇ ಒಂದು ಕೋಣೆಯಲ್ಲಿ ತನ್ನದೇ ಯಂತ್ರವನ್ನು ಕೊಂಡು ಇರಿಸಿ, ಅದಕ್ಕೊಬ್ಬ ತಜ್ಞನನ್ನು ನೇಮಿಸಿಕೊಳ್ಳಬೇಕಾಗಿತ್ತು. ಅದು ಗೋಕಾಕದ ಪದ್ಧತಿ. ಈಗ ಬೈಲಹೊಂಗಲದ ಹತ್ತು ಹಾಸಿಗೆಗಳ ಸಣ್ಣ ದವಾಖಾನೆ ಕೂಡ ಒಂದು ಸಾಧಾರಣ ಗಣಕವನ್ನೂ ಅಂತರ್ಜಾಲವನ್ನೂ ಇಟ್ಟುಕೊಂಡು, ಬಳಸಿದಷ್ಟಕ್ಕೆ ಹಣ ಕೊಟ್ಟು, ಮಹಾನಗರದ ಆಸ್ಪತ್ರೆಯಂಥ ತಂತ್ರಾಂಶವನ್ನು ನಡೆಸಬಹುದು. ತಂತ್ರಾಂಶದಲ್ಲಿ ದೋಷ ಕಂಡರೆ ದೂರದಲ್ಲಿ ಒಮ್ಮೆ ತಿದ್ದಿದರೆ ಸಾಕು, ಎಲ್ಲ ಊರುಗಳಲ್ಲಿಯೂ ತಿದ್ದಿದಂತಾಗುತ್ತದೆ. ಇದು ಶಿವನಸಮುದ್ರದ ಪದ್ಧತಿ.

ಆದರೆ ಅಗ್ಗವೆಂಬುದು ಇದರ ದೊಡ್ಡ ಗುಣವಲ್ಲ. ಒಂದೇ ಬರೆಹ ಏಕಕಾಲದಲ್ಲಿ ಹಲವು ಊರುಗಳಲ್ಲಿ ಉಳಿಯುತ್ತದೆಂಬುದೂ, ರೋಗಿಗಿಂತ ಮುಂಚೆ ವೈದ್ಯನ ಮೇಜನ್ನು ತಲುಪುತ್ತದೆಂಬುದೂ ಇದರ ನಿಜವಾದ ಗುಣ. ಒಂದು ಊರಿನಲ್ಲಿ ಹೊಳೆ ಬಂದರೆ ಇನ್ನೊಂದು ಊರಿನಲ್ಲಿ ಪ್ರತಿ ಇರುತ್ತದೆ. ಆಂಬುಲೆನ್ಸ್ ಯರಗಟ್ಟಿಯನ್ನು ದಾಟುವ ಮೊದಲೇ ರಾಮದುರ್ಗದಲ್ಲಿ ತೆಗೆದ ಹೃದಯದ ರೇಖಾಚಿತ್ರವನ್ನು ಬೆಳಗಾವಿಯ ತಜ್ಞನು ನೋಡಿ, ಸಿದ್ಧತೆಯನ್ನು ಆರಂಭಿಸಬಹುದು. ಹೃದಯಾಘಾತದಲ್ಲಿ ಒಂದೊಂದು ನಿಮಿಷವೂ ಹೃದಯದ ಮಾಂಸಖಂಡದ ಒಂದೊಂದು ತುಣುಕು ಎಂಬುದನ್ನು ನೆನೆದರೆ, ಈ ಮುಂಗಡದ ಬೆಲೆ ತಿಳಿದೀತು.

ಈಗಾಗಲೇ ನಡೆದಿರುವುದು

ಇದೆಲ್ಲ ನಾಳಿನ ಕನಸೆಂದು ತಿಳಿಯಬೇಕಾಗಿಲ್ಲ. ಕೊರೋನಾ ಕಾಲವನ್ನು ಕಂಡವರೆಲ್ಲರೂ ಇದನ್ನು ಬಳಸಿದ್ದಾರೆ, ಹೆಸರು ತಿಳಿಯದೆ. 2021ರ ಜನವರಿ 16ರಂದು ಲಸಿಕೆಯ ಕಾರ್ಯ ಆರಂಭವಾದಾಗ ‘ಕೋವಿನ್’ ಎಂಬ ವ್ಯವಸ್ಥೆ ಅದರ ಲೆಕ್ಕವನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರ್ 21ರ ಹೊತ್ತಿಗೆ ನೂರು ಕೋಟಿ ಲಸಿಕೆಗಳ ಲೆಕ್ಕ ಅದರಲ್ಲಿತ್ತು. ಬೈಲಹೊಂಗಲದಲ್ಲಿ ಮೊದಲ ಸೂಜಿ ಹಾಕಿಸಿಕೊಂಡವನು ಪುಣೆಯಲ್ಲಿ ಎರಡನೆಯದನ್ನು ಹಾಕಿಸಿಕೊಳ್ಳಬಹುದಾಗಿತ್ತು; “ಮೊದಲಿನದು ಯಾವ ಲಸಿಕೆ?” ಎಂದು ಅಲ್ಲಿನವರು ಕೇಳಬೇಕಾಗಿರಲಿಲ್ಲ. ಅಷ್ಟು ದೊಡ್ಡ ಲೆಕ್ಕವನ್ನು ವಹಿಗಳಲ್ಲಿ ಬರೆದಿದ್ದರೆ ಆ ವಹಿಗಳಿಗೇ ಒಂದು ಊರು ಬೇಕಾಗುತ್ತಿತ್ತು.

ಎರಡನೆಯದು ‘ಇ-ಸಂಜೀವಿನಿ’. 2019ರಲ್ಲಿ ತೊಡಗಿ 2020ರ ಏಪ್ರಿಲಿನಲ್ಲಿ ಮನೆಮನೆಗೂ ವಿಸ್ತರಿಸಿದ ಈ ದೂರವೈದ್ಯ ಸೇವೆಯಲ್ಲಿ, ಹಳ್ಳಿಯ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ರೋಗಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು, ದೂರದ ವೈದ್ಯನನ್ನು ಪರದೆಯ ಮೇಲೆ ಕರೆದು ತೋರಿಸಬಹುದು. 2023ರ ಫೆಬ್ರವರಿಯ ವೇಳೆಗೆ ದೇಶದಲ್ಲಿ ಇಂಥ ಸಮಾಲೋಚನೆಗಳು ಹತ್ತು ಕೋಟಿಯನ್ನು ದಾಟಿದವು. ಸೊಸೆಯ ತಲೆನೋವಿಗಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಎರಡು ಬಸ್ಸು ಬದಲಿಸುವ ಮನೆಗೆ ಇದು ಸಣ್ಣ ಉಪಕಾರವಲ್ಲ.

ಮೂರನೆಯದು ಯಾರ ಕಣ್ಣಿಗೂ ಬೀಳದ ಕೆಲಸ. ಕೂಸುಗಳಿಗೆ ಹಾಕುವ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬೇಸಿಗೆಯಲ್ಲಿ ಕರೆಂಟು ಹೋಗಿ ಪೆಟ್ಟಿಗೆ ಕಾದರೆ ಲಸಿಕೆ ಕೆಡುತ್ತದೆ. ಅತಿಯಾಗಿ ತಂಪಾಗಿ ಹೆಪ್ಪುಗಟ್ಟಿದರೂ ಕೆಲವು ಲಸಿಕೆಗಳು ಕೆಡುತ್ತವೆ. ಕೆಟ್ಟ ಲಸಿಕೆಗೆ ಕೆಟ್ಟ ಹಾಲಿನಂತೆ ವಾಸನೆ ಬರುವುದಿಲ್ಲ. ನರ್ಸಮ್ಮ ಅರಿಯದೆಯೇ ಅದನ್ನು ಹಾಕುತ್ತಾಳೆ, ತಾಯಿ ನಂಬಿ ಮನೆಗೆ ಹೋಗುತ್ತಾಳೆ, ಕೂಸಿಗೆ ರಕ್ಷಣೆ ಮಾತ್ರ ಇಲ್ಲ. 2015ರಲ್ಲಿ ಆರೋಗ್ಯ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭಿಸಿದ ‘ಇ-ವಿನ್’ ಎಂಬ ವ್ಯವಸ್ಥೆ ಈ ಪೆಟ್ಟಿಗೆಗಳಿಗೆ ಒಂದು ಉಷ್ಣಮಾಪಕವನ್ನು ಜೋಡಿಸಿತು. ಅದು ತನ್ನ ಅಂಕಿಗಳನ್ನು ಮೋಡಕ್ಕೆ ಕಳುಹಿಸುತ್ತಲೇ ಇರುತ್ತದೆ. ಗಡಿ ಮೀರಿದಾಗ ಹೊಣೆಗಾರನ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ನಡುರಾತ್ರಿ ಒಂದು ತಂಪು ಪೆಟ್ಟಿಗೆ ತಾನೇ ಕೂಗಿ ಮನುಷ್ಯನನ್ನು ಎಬ್ಬಿಸುತ್ತದೆಂದರೆ, ಇದಕ್ಕಿಂತ ಹೆಚ್ಚಿನ ನಿಷ್ಠೆಯ ಕಾವಲುಗಾರ ಯಾರಿದ್ದಾನೆ?

ಕಬ್ಬಿನ ನಾಡಿನ ಸುರಕ್ಷತೆ

ಆರೋಗ್ಯದಷ್ಟೇ ಸುರಕ್ಷತೆಗೂ ಈ ಮಾತು ಅನ್ವಯಿಸುತ್ತದೆ. ಮಲಪ್ರಭೆಯ ದಂಡೆ ಕಬ್ಬಿನ ನಾಡು. ಹಂಗಾಮು ಬಂದಿತೆಂದರೆ ಸಕ್ಕರೆ ಕಾರ್ಖಾನೆಗಳು ಹಗಲಿರುಳು ದುಡಿಯುತ್ತವೆ. ಒಳಗೆ ಉಗಿಯ ಕೊಳವೆಗಳು, ತಿರುಗುವ ಗಾಣಗಳು, ಕುದಿಯುವ ರಸ. ಹೊರಗೆ ರಸ್ತೆಯಲ್ಲಿ ತಲೆಯ ಮೇಲೆ ತಲೆಯಿಟ್ಟು ಸಾಗುವ ಕಬ್ಬಿನ ಟ್ರ್ಯಾಕ್ಟರುಗಳು. ಅಮೆರಿಕದ ಹೈನ್‌ರಿಕ್ ಎಂಬವನು 1931ರಲ್ಲಿ ಕಾರ್ಖಾನೆಯ ಅಪಘಾತಗಳ ಬಗೆಗೆ ಒಂದು ಗ್ರಂಥವನ್ನು ಬರೆದು, ಒಂದು ಭಾರಿ ಅಪಘಾತದ ಹಿಂದೆ 29 ಸಣ್ಣ ಗಾಯಗಳೂ, ಯಾರಿಗೂ ಪೆಟ್ಟಾಗದೆ ಕಳೆದುಹೋದ 300 ಘಟನೆಗಳೂ ಇರುತ್ತವೆಂದು ಹೇಳಿದನು. ಅವನ ಅಂಕಿಗಳನ್ನು ಮುಂದಿನವರು ಪ್ರಶ್ನಿಸಿದ್ದಾರೆ. ಆದರೆ ದೊಡ್ಡ ಆಪತ್ತು ಬರುವ ಮೊದಲು ಅನೇಕ ಸಲ ಬಾಗಿಲು ತಟ್ಟಿರುತ್ತದೆಂಬ ಮಾತನ್ನು ಯಾರೂ ಅಲ್ಲಗಳೆದಿಲ್ಲ.

ಆ ತಟ್ಟಿದ ಸದ್ದು ಎಲ್ಲಿ ಅಡಗುತ್ತದೆ? ರಾತ್ರಿಪಾಳಿಯವನು ಕವಾಟವೊಂದು ಸೋರುವುದನ್ನು ನೋಡಿ ವಹಿಯಲ್ಲಿ ಬರೆಯುತ್ತಾನೆ. ವಹಿ ಮೇಜಿನ ಸೆಳೆಗುಂಡಿಯಲ್ಲಿ ಮಲಗುತ್ತದೆ. ಹಗಲುಪಾಳಿಯವನು ಅದನ್ನು ತೆರೆಯುವುದಿಲ್ಲ. ಆಪತ್ತು ಬಂದ ಮೇಲೆ ವಿಚಾರಣೆಯ ಅಧಿಕಾರಿ ಬಂದು ವಹಿಯನ್ನು ಕೇಳಿದರೆ, ಆ ಪುಟವೇ ಇರದಿರಲೂಬಹುದು! ಅದೇ ಎಚ್ಚರಿಕೆಯನ್ನು ಕಾರ್ಮಿಕನು ಮೊಬೈಲಿನಲ್ಲಿ ಚಿತ್ರಸಹಿತ ದಾಖಲಿಸಿ, ಅದು ಮೋಡದಲ್ಲಿರುವ ಸುರಕ್ಷತಾ ತಂತ್ರಾಂಶವನ್ನು ಸೇರಿದರೆ, ಮುಂದಿನ ಪಾಳಿಯ ಮೇಲ್ವಿಚಾರಕ, ಸುರಕ್ಷತಾ ಅಧಿಕಾರಿ, ವ್ಯವಸ್ಥಾಪಕ ಮೂವರಿಗೂ ಅದೇ ಗಳಿಗೆಯಲ್ಲಿ ಕಾಣುತ್ತದೆ. ಯಾರು ಯಾವಾಗ ನೋಡಿದರು, ಯಾರು ಏನನ್ನು ತಿದ್ದಿದರು ಎಂಬುದೂ ಅಲ್ಲಿ ಉಳಿಯುವಂತೆ ಮಾಡಬಹುದು. ಪುಟವನ್ನು ಹರಿಯಲು ಬಾರದ ವಹಿ ಎಂಬುದೇ ಇದರ ಹಿರಿಮೆ.

ಹೊಲದಲ್ಲಿಯೂ ಅಪಾಯವುಂಟು. ಕಬ್ಬು ಕಡಿಯುವವರ ಕಾಲಿಗೆ ಹಾವು ಸಿಕ್ಕುವುದು ಈ ಸೀಮೆಗೆ ಹೊಸದಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಹೆಚ್ಚು ಕಡಿತವೆಂಬುದು ಲೆಕ್ಕಕ್ಕೆ ಬಂದರೆ ತಾನೆ ಪ್ರತಿವಿಷದ ಬಾಟಲಿ ಅಲ್ಲಿಗೆ ಮೊದಲು ಹೋಗುವುದು? ಕಾಗದದ ವರದಿ ಜಿಲ್ಲೆಯನ್ನು ಮುಟ್ಟುವಷ್ಟರಲ್ಲಿ ಹಂಗಾಮೇ ಮುಗಿದಿರುತ್ತದೆ.

ಎಲ್ಲಮ್ಮನ ಗುಡ್ಡದಲ್ಲಿ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಾವಧಿ ಜನ ಬರುತ್ತಾರೆ. “ಉಧೋ ಉಧೋ” ಎಂಬ ಘೋಷದ ನಡುವೆ ಸೊಲ್ಲಾಪುರದ ಒಬ್ಬ ಮುದುಕಿ ತಲೆಸುತ್ತಿ ಬಿದ್ದಳೆಂದು ಭಾವಿಸೋಣ. ಭಾಷೆ ಮರಾಠಿ, ಜೊತೆಯವರು ಗದ್ದಲದಲ್ಲಿ ತಪ್ಪಿಹೋಗಿದ್ದಾರೆ, ಹಣೆಗೆ ಭಂಡಾರವುಂಟು, ಕೈಯಲ್ಲಿ ಕಾಗದವಿಲ್ಲ. ಆಕೆಗೆ ಸಕ್ಕರೆ ಕಾಯಿಲೆಯುಂಟೋ ಇಲ್ಲವೋ ಎಂಬುದನ್ನು ಬೆರಳಿನ ಒಂದು ಹನಿ ರಕ್ತ ತಿಳಿಸೀತು. ಕಳೆದ ವರ್ಷ ಹೃದಯಕ್ಕೆ ಕೊಳವೆ ಹಾಕಿಸಿಕೊಂಡಿದ್ದಾಳೆಂಬುದನ್ನು ಯಾವ ಹನಿ ತಿಳಿಸೀತು?

2021ರ ಸೆಪ್ಟೆಂಬರ್ 27ರಂದು ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದಕ್ಕೆ ಒಂದು ದಾರಿಯನ್ನು ತೋರಿಸಿದೆ. ಅದರಲ್ಲಿ ಪ್ರತಿಯೊಬ್ಬನೂ ‘ಆಭಾ’ ಎಂಬ ಹದಿನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ಪಡೆಯಬಹುದು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಲ್ಲರ ರೋಗದ ಕಾಗದಗಳನ್ನೂ ದೆಹಲಿಯ ಒಂದು ದೊಡ್ಡ ಪೆಟಾರಿಯಲ್ಲಿ ತುಂಬುವ ಯೋಜನೆ ಇದಲ್ಲ. ಕಾಗದ ಆಯಾ ದವಾಖಾನೆಯ ವ್ಯವಸ್ಥೆಯಲ್ಲಿಯೇ ಇರುತ್ತದೆ; ಸಂಖ್ಯೆ ಅವುಗಳನ್ನು ಪೋಣಿಸುವ ದಾರ ಮಾತ್ರ. ರೋಗಿ ಒಪ್ಪಿಗೆ ಕೊಟ್ಟಾಗ, ಒಪ್ಪಿದಷ್ಟು ಕಾಲಕ್ಕೆ, ಹೊಸ ವೈದ್ಯನು ಹಳೆಯ ದವಾಖಾನೆಯ ಬರೆಹವನ್ನು ನೋಡಬಹುದು. ಎಲ್ಲ ದವಾಖಾನೆಗಳೂ ಈ ದಾರಕ್ಕೆ ಇನ್ನೂ ಬಂದು ಸೇರಿಲ್ಲ. ಸೇರಿದಲ್ಲಿಯೂ ಹಳೆಯ ಚೀಟಿಗಳು ತಾವಾಗಿ ಅದರೊಳಗೆ ಹೋಗಿ ಕೂಡುವುದಿಲ್ಲ. ಅಷ್ಟಾದರೂ ಎರಡು ಊರುಗಳ ನಡುವೆ ಪ್ಲಾಸ್ಟಿಕ್ ಚೀಲವಲ್ಲದ ಒಂದು ಟಪಾಲು ಹುಟ್ಟಿದೆಯೆಂಬುದು ನಿಜ.

ಕಿತ್ತೂರಿನ ಪಾಠ

ಗುಣವನ್ನು ಹೇಳಿದವರು ದೋಷವನ್ನೂ ಹೇಳಬೇಕು. ಅದಕ್ಕೆ ಕಿತ್ತೂರಿನ ಕೋಟೆಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮಾಜಿಯ ಪಡೆ ಥ್ಯಾಕರೆಯ ಸೈನ್ಯವನ್ನು ಸೋಲಿಸಿತು. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯದೊಡನೆ ಮರಳಿ ಬಂದರು, ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದಳು. ಆಕೆಯ ಸಮಾಧಿ ಅಲ್ಲಿಯೇ ಇದೆ. ಸೋಲಿಗೆ ಕಾರಣವನ್ನು ಹೇಳುವಾಗ ಈ ಭಾಗದ ಜನರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಮನೆಮುರುಕರು ಒಳಗಿನಿಂದಲೇ ಮದ್ದಿನಲ್ಲಿ ಸಗಣಿಯನ್ನು ಬೆರೆಸಿದರು ಎಂದು. ಕೋಟೆಯ ಗೋಡೆ ಎಷ್ಟೇ ದಪ್ಪವಿರಲಿ, ಬೀಗದ ಕೈ ಯಾರ ಬಳಿ ಇದೆಯೆಂಬುದೇ ಕೊನೆಯ ಪ್ರಶ್ನೆ.

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಇಂಥದೊಂದು ಮುತ್ತಿಗೆ ಬಿದ್ದಿತು. ಕಳ್ಳರು ಅಂತರ್ಜಾಲದ ದಾರಿಯಿಂದ ನುಗ್ಗಿ ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ದಾಖಲೆಗಳನ್ನು ಯಾರಿಗೂ ಓದಲು ಬಾರದಂತೆ ಗೂಢಲಿಪಿಯಲ್ಲಿ ಬಿಗಿದುಬಿಟ್ಟರು. ದೇಶದ ಹೆಸರಾಂತ ಆಸ್ಪತ್ರೆ ಸುಮಾರು ಎರಡು ವಾರ ಕೈಬರಹಕ್ಕೆ ಮರಳಬೇಕಾಯಿತು. ಅದನ್ನು ಕಾಪಾಡಿದ್ದು ಯಾವುದು? ಕಳ್ಳರ ಕೈಗೆ ಸಿಕ್ಕದೆ ಬೇರೆಡೆ ಉಳಿದಿದ್ದ ಇನ್ನೊಂದು ಪ್ರತಿ.

ಆ ಇನ್ನೊಂದು ಪ್ರತಿ ಇಲ್ಲದಿದ್ದರೆ ಏನಾದೀತೆಂಬುದನ್ನು ದಕ್ಷಿಣ ಕೊರಿಯಾ ತೋರಿಸಿಕೊಟ್ಟಿತು. 2025ರ ಸೆಪ್ಟೆಂಬರ್ 26ರಂದು ಆ ದೇಶದ ಡೇಜಿಯಾನ್ ನಗರದಲ್ಲಿ ಸರಕಾರದ ಗಣಕಾಗಾರಕ್ಕೆ ಬೆಂಕಿ ತಗುಲಿತು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಮೋಡ ಅಲ್ಲಿಯೇ ಇತ್ತು. 858 ಟೆರಾಬೈಟ್ ದಾಖಲೆಗಳು ನಾಶವಾದವು. ಹೊರಗೆ ಪ್ರತಿ ಇರಲಿಲ್ಲ. ಗಣಕವಿದ್ಯೆಯಲ್ಲಿ ಜಗತ್ತಿಗೇ ಹೆಸರಾದ ನಾಡಿನಲ್ಲಿ ಹೀಗಾಯಿತು. ಹೆಸರು ಮೋಡವಾದರೇನು, ಒಂದೇ ಕಟ್ಟಡದಲ್ಲಿದ್ದರೆ ಅದೂ ಒಂದು ಟ್ರಂಕೇ. ರಾಮದುರ್ಗದ ಅಜ್ಜನ ಟ್ರಂಕಿಗೂ ಅದಕ್ಕೂ ಗಾತ್ರದಲ್ಲಿ ಮಾತ್ರ ಭೇದ.

ಇನ್ನೊಂದು ಭಯ ಮಾನದ್ದು. ಸಣ್ಣ ಊರಿನಲ್ಲಿ ರೋಗವೆಂಬುದು ರೋಗ ಮಾತ್ರವಲ್ಲ. ಕ್ಷಯವಿತ್ತೆಂಬ ಮಾತು ಹೊರಬಿದ್ದರೆ ಹೆಣ್ಣುಮಗಳ ಸಂಬಂಧ ತಪ್ಪುತ್ತದೆ. ಮಾನಸಿಕ ಚಿಕಿತ್ಸೆಯ ಸುದ್ದಿ ಹಬ್ಬಿದರೆ ನೌಕರಿ ಹೋಗುತ್ತದೆ. ಕಾಗದ ಟ್ರಂಕಿನಲ್ಲಿದ್ದಾಗ ಕದಿಯುವವನು ಮನೆಗೇ ಬರಬೇಕಾಗಿತ್ತು. ಮೋಡದಲ್ಲಿದ್ದರೆ ಸಾವಿರ ಮೈಲಿಯ ಆಚೆಗೆ ಕುಳಿತು ಕದಿಯಬಹುದು. 2023ರಲ್ಲಿ ಭಾರತದ ಸಂಸತ್ತು ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಶಾಸನವೊಂದನ್ನು ಮಾಡಿರುವುದು ಈ ಕಾರಣದಿಂದಲೇ. ಆದರೆ ಶಾಸನ ದೂರದ ಮಾತು. ಗಣಕದ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿರುವ ಗುಮಾಸ್ತ ಹತ್ತಿರದ ಮಾತು. ಕಿತ್ತೂರಿನ ಮದ್ದಿನ ಕತೆಯನ್ನು ಅಂಥವನಿಗೆ ಯಾರಾದರೂ ಹೇಳಬೇಕು.

ಕಟ್ಟಕಡೆಗೆ ತೀರ ಸರಳವಾದ ಒಂದು ಅಡಚಣೆಯೂ ಉಂಟು. ಹೊಳೆ ಬಂದಾಗ ಕರೆಂಟು ಹೋಗುತ್ತದೆ, ಮೊಬೈಲ್ ಗೋಪುರವೂ ಮೂಕವಾಗುತ್ತದೆ. ಕಾಗದ ಮೋಡದಲ್ಲಿ ಕ್ಷೇಮವಾಗಿದ್ದರೂ ಆ ಗಳಿಗೆಯಲ್ಲಿ ಕೈಗೆ ಬಾರದು. ಆದುದರಿಂದ ಬಲ್ಲವರು ಕಾಗದವನ್ನು ಪೂರ್ತಿ ಬಿಡುವುದಿಲ್ಲ.

ಮನೆಯವರು ಮಾಡಬೇಕಾದುದು

ಹಾಗಾದರೆ ಒಂದು ಸಾಮಾನ್ಯ ಕುಟುಂಬ ಮಾಡಬೇಕಾದುದೇನು? ಮೊದಲನೆಯದಾಗಿ, ಮನೆಯ ಹಿರಿಯರ ಆಭಾ ಸಂಖ್ಯೆಯನ್ನು ಮಾಡಿಸುವುದು. ಇದರಲ್ಲೊಂದು ವಿನೋದವೂ ಸಂಕಟವೂ ಇದೆ. ಅಜ್ಜನ ಆಧಾರಕ್ಕೆ ಜೋಡಿಸಿರುವುದು ಪುಣೆಯಲ್ಲಿರುವ ಮೊಮ್ಮಗನ ಮೊಬೈಲು. ರಾಮದುರ್ಗದಲ್ಲಿ ಅಜ್ಜನ ಒಪ್ಪಿಗೆಯನ್ನು ಕೇಳಿದರೆ ಗುಪ್ತಸಂಖ್ಯೆ ಪುಣೆಯಲ್ಲಿ ಗಂಟೆ ಬಾರಿಸುತ್ತದೆ. ಮೊಮ್ಮಗ ಕಾರ್ಖಾನೆಯ ಒಳಗೆ ಕೆಲಸದಲ್ಲಿದ್ದಾನೆ! ಆದ ಕಾರಣ ಅಜ್ಜನ ಜೊತೆಯಲ್ಲಿಯೇ ಇರುವವರ ಸಂಖ್ಯೆಯನ್ನು ಮೊದಲೇ ಜೋಡಿಸಿಡುವುದು ಜಾಣತನ. ಎರಡನೆಯದಾಗಿ, ದವಾಖಾನೆಯ ಕಿಟಕಿಯಲ್ಲಿ, “ನಮ್ಮ ರಿಪೋರ್ಟು ಈ ನಂಬರಿಗೆ ಕೂಡಿಸ್ತೀರೇನ್ರಿ?” ಎಂದು ಕೇಳುವುದು. ಕೇಳುವವರು ಹತ್ತು ಜನರಾದರೆ ಸೇರದ ದವಾಖಾನೆಯೂ ಸೇರೀತು. ಮೂರನೆಯದಾಗಿ, ಕೈಲಿರುವ ಹಳೆಯ ಚೀಟಿಗಳ ಚಿತ್ರವನ್ನು ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಡುವುದು. ನಾಲ್ಕನೆಯದಾಗಿ, ಅಂಗೈ ಅಗಲದ ಒಂದು ಗಟ್ಟಿ ಕಾಗದದಲ್ಲಿ ರಕ್ತದ ಗುಂಪು, ಒಗ್ಗದ ಔಷಧ, ದಿನವೂ ನುಂಗುವ ಗುಳಿಗೆಗಳ ಹೆಸರು, ಹತ್ತಿರದವರ ದೂರವಾಣಿ, ಇಷ್ಟನ್ನು ಬರೆದು, ನೀರು ತಾಗದಂತೆ ಮಡಿಚಿ, ಟ್ರಂಕಿನಲ್ಲಿ ಅಲ್ಲ, ಅಂಗಿಯ ಕಿಸೆಯಲ್ಲಿ ಇಡುವುದು. ಕರೆಂಟು ಹೋದ ಎರಡು ದಿನ ಅದೇ ಮೋಡದ ಕೆಲಸವನ್ನು ಮಾಡುತ್ತದೆ.

ದವಾಖಾನೆಯವರೂ ಕಾರ್ಖಾನೆಯವರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ದಾಖಲೆಯ ಇನ್ನೊಂದು ಪ್ರತಿ ಬೇರೆ ಯಾವ ಊರಿನಲ್ಲಿದೆ? ಅದನ್ನು ಮರಳಿ ತೆರೆದು ನೋಡಿದ್ದು ಕೊನೆಯ ಸಲ ಯಾವಾಗ? ಬೀಗದ ಕೈ ಎಷ್ಟು ಜನರ ಬಳಿ ಇದೆ? ಮಾರಲು ಬಂದ ತಂತ್ರಾಂಶದ ಪ್ರತಿನಿಧಿ ಬಣ್ಣಬಣ್ಣದ ಪರದೆಗಳನ್ನು ತೋರಿಸುತ್ತಾನೆ. ಈ ಮೂರಕ್ಕೆ ನೇರ ಉತ್ತರವನ್ನು ಕೊಡಲಾರದಿದ್ದರೆ ಅವನನ್ನು ಚಹಾ ಕುಡಿಸಿ ಕಳುಹಿಸುವುದು ಲೇಸು.

ಮತ್ತೆ ಮಳೆಗಾಲ ಬರುತ್ತದೆ. ಕಣಕುಂಬಿಯ ಮೇಲೆ ನಿಜವಾದ ಮೋಡ ಕವಿಯುತ್ತದೆ, ನವಿಲುತೀರ್ಥದ ಬಾಗಿಲುಗಳು ಮೇಲೇಳುತ್ತವೆ, ರಾಮದುರ್ಗದವರು ಕಂಬಕ್ಕೆ ಗುರುತು ಹಾಕಿ ನೀರಿನ ಏರಿಕೆಯನ್ನು ನೋಡುತ್ತಾರೆ. ಆಗ ಯಾವುದೋ ಶಾಲೆಯ ಪಡಸಾಲೆಯಲ್ಲಿ ಎಳೆಯ ವೈದ್ಯನೊಬ್ಬನು ಕೇಸ್ ಪೇಪರನ್ನು ಕೇಳಿದರೆ, ಅಜ್ಜ ಕಿಸೆಯಿಂದ ಗಟ್ಟಿ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟು, “ಇದರಾಗ ನಂಬರ ಐತಿ, ಹಾಕಿ ನೋಡ್ರಿ ಸಾಹೇಬ್ರ. ಟ್ರಂಕು ಹೊಳಿ ಒಯ್ತು, ಇದನ್ನ ಒಯ್ಯಾಕ ಆಗಲಿಲ್ಲ” ಎಂದು ಹೇಳುವಂತಾಗಬೇಕು. ಅಷ್ಟಕ್ಕೆ ಬೇಕಾದುದು ಇಂದಿನ ಸಂಜೆಯ ಅರ್ಧ ಗಂಟೆ.